ಊರು ಬಿಡುವವರ ಕೈಯಲ್ಲಿ ಎಷ್ಟು ದುಡ್ಡಿರಬೇಕು?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಹಾಸನದ ಯಾವ ಬಡಾವಣೆಗೆ ಹೋದರೂ ಒಂದಲ್ಲ ಒಂದು ಮನೆ ಮುಂದೆ ಲಾರಿ ನಿಂತಿರುತ್ತದೆ. ವರ್ಗಾವಣೆ ಆದವರು, ಹೊಸ ಕೆಲಸ ಸಿಕ್ಕವರು, ಮಕ್ಕಳ ಓದಿಗೆ ಅಂತ ಹೊರಟವರು. ಮೊದಲೆಲ್ಲ ಬೆಂಗಳೂರು, ಮೈಸೂರು, ಮಂಗಳೂರು ಅಷ್ಟೇ. ಈಗ ಪುಣೆ, ಹೈದರಾಬಾದ್, ಚೆನ್ನೈ ಕೂಡ ಸೇರಿವೆ. ಹೊರಡುವವರು ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಲಾರಿಗೆ ಎಷ್ಟಾಗುತ್ತೆ? ಅಲ್ಲಿಗೇ ಬಜೆಟ್ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಅದನ್ನು ಹೇಳಲೆಂದೇ ಈ ಪತ್ರ. ನಮ್ಮ ಆರ್‌ಟಿಒ ಕಚೇರಿಗೆ ಮತ್ತು ಜಿಲ್ಲಾಡಳಿತಕ್ಕೆ ಕೇಳಬೇಕಾದ್ದೂ ಒಂದಿಷ್ಟು ಇದೆ.

ನಾನು ಬ್ಯಾಂಕ್ ನೌಕರರ ಹೆಂಡತಿ. ಯಜಮಾನರ ಕೆಲಸದ ದೆಸೆಯಿಂದ ಕಡೂರು, ಗದಗ, ಸಿಂಧನೂರು, ಕುಂದಾಪುರ ಅಂತ ಊರೂರು ಸುತ್ತಿ, ಅವರು ರಿಟೈರ್ ಆದ ಮೇಲೆ ವಿದ್ಯಾನಗರದಲ್ಲಿ ನೆಲೆ ನಿಂತೆವು. ಮನೆ ಲೆಕ್ಕದ ಪುಸ್ತಕ ಮದುವೆಯಾದ ದಿನದಿಂದ ನನ್ನ ಕೈಯಲ್ಲೇ ಇದೆ. ಈ ವರ್ಷ ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಮಗ, ಸೊಸೆ, ಮೊಮ್ಮಗಳು ಪಕ್ಕದ ಬೀದಿಯಲ್ಲೇ ಬಾಡಿಗೆಗೆ ಇದ್ದರು. ಅವರಿಬ್ಬರಿಗೂ ಪುರುಸೊತ್ತಿಲ್ಲ. ‘ಅಮ್ಮಾ, ಲೆಕ್ಕಾಚಾರ ನೀನೇ ನೋಡ್ಕೋ’ ಅಂದ ಮಗ. ನನಗೂ ಅದೇ ಬೇಕಿತ್ತು ಅನ್ನಿ.

ನಾನು ಹಾಕಿದ್ದು ಎರಡು ಲೆಕ್ಕ. ಒಂದು, ಒಟ್ಟು ಖರ್ಚು ಎಷ್ಟು. ಇನ್ನೊಂದು, ಆ ಒಂದೆರಡು ವಾರದಲ್ಲಿ ಕೈಯಲ್ಲಿ ಎಷ್ಟು ದುಡ್ಡು ಇರಬೇಕು. ಈ ಎರಡನೆಯದನ್ನು ಯಾರೂ ಬರೆದಿಡುವುದಿಲ್ಲ. ಕಷ್ಟ ಬರುವುದೂ ಅಲ್ಲೇ. ಖರ್ಚಿಗೆ ಆಗುವಷ್ಟು ದುಡ್ಡು ಬ್ಯಾಂಕಿನಲ್ಲಿ ಇಟ್ಟುಕೊಂಡವರೂ ಕೊನೇ ವಾರ ನೆಂಟರ ಹತ್ತಿರ ಕೈಗಡ ಕೇಳುವುದನ್ನು ನೋಡಿದ್ದೇನೆ.

ನಮ್ಮದೇ ಲೆಕ್ಕ ಹೇಳುತ್ತೇನೆ. ಪುಣೆಯಲ್ಲಿ ಗೊತ್ತು ಮಾಡಿದ ಮನೆಗೆ ತಿಂಗಳಿಗೆ 28,000 ಬಾಡಿಗೆ. ಡಿಪಾಸಿಟ್ ಎರಡು ತಿಂಗಳದ್ದು, 56,000. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಹೆದರಿದ್ದ ನಮಗೆ ಇದು ಪರವಾಗಿಲ್ಲ ಅನ್ನಿಸಿತು. ಆದರೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ ಮುಂಗಡ. ಬೀಗದ ಕೈ ಕೈಗೆ ಬರುವಷ್ಟರಲ್ಲಿ 1,12,000 ಹೋಯಿತು. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ರಿಜಿಸ್ಟರ್ ಆಗಲೇಬೇಕು, ಅಲ್ಲಿನ ಬಾಡಿಗೆ ಕಾಯ್ದೆಯಲ್ಲೇ ಹಾಗಿದೆ. ನಮ್ಮಲ್ಲಿ ಛಾಪಾ ಕಾಗದದಲ್ಲಿ 11 ತಿಂಗಳ ಅಗ್ರಿಮೆಂಟ್ ಟೈಪ್ ಮಾಡಿಸಿ ಸಹಿ ಹಾಕಿ ಸುಮ್ನೆ ಬೀರುವಿನಲ್ಲಿ ಇಟ್ಟುಕೊಳ್ಳುವ ಹಾಗಲ್ಲ. ಅದಕ್ಕೆ, ಏಜೆಂಟಿನ ಕೂಲಿ ಸೇರಿ, ನಾಲ್ಕು ಸಾವಿರ. ಅಪಾರ್ಟ್‌ಮೆಂಟ್ ಸೊಸೈಟಿಯವರು ಸಾಮಾನು ಒಳಗೆ ತರುವುದಕ್ಕೇ ಒಂದು ಶುಲ್ಕ ಇಟ್ಟಿದ್ದಾರೆ, ಮೂರು ಸಾವಿರ. ಲಿಫ್ಟ್ ಬಳಸಲು ಗೊತ್ತಾದ ವೇಳೆ ಬೇರೆ.

ಇತ್ತ ಹಾಸನದಲ್ಲಿ ಕೊಟ್ಟಿದ್ದ ಒಂದು ಲಕ್ಷ ಅಡ್ವಾನ್ಸ್ ವಾಪಸ್ ಬರಬೇಕಲ್ಲ? ಅದು ಮನೆ ಖಾಲಿ ಮಾಡಿದ ಮೇಲೆ. ಅದೂ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ 12,000 ಹಿಡಿದುಕೊಂಡು, ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ. ಮನೆ ಮಾಲೀಕರು ಒಳ್ಳೆಯವರೇ, ಆದರೆ ನಮ್ಮ ಅಡ್ವಾನ್ಸ್ ಅವರ ಹತ್ತಿರ ನೋಟಿನ ಕಟ್ಟಾಗಿ ಕೂತಿರುವುದಿಲ್ಲ, ಅಲ್ವಾ? ಪುಣೆಗೆ ಕೊಡುವುದು ಮೊದಲು, ಹಾಸನದಿಂದ ಬರುವುದು ಆಮೇಲೆ.

ಸಾಗಣೆಗೆ 41,000, ಅದರ ಮೇಲೆ ಜಿಎಸ್‌ಟಿ. ಪ್ಯಾಕಿಂಗ್ ಎಲ್ಲ ಸೇರಿದ ಬಿಲ್ಲಿಗೆ ನಮಗೆ 18 ಪರ್ಸೆಂಟ್ ಹಾಕಿದರು. ಅಲ್ಲಿಗೆ 48,380. ಫೋನಿನಲ್ಲಿ ದರ ಹೇಳುವಾಗ ಈ ಏಳು ಸಾವಿರದ ಸುದ್ದಿ ಯಾರೂ ಎತ್ತುವುದಿಲ್ಲ. ಗ್ಯಾಸ್, ರೈಲು ಟಿಕೆಟ್, ಎಲೆಕ್ಟ್ರಿಷಿಯನ್, ಕರ್ಟನ್ ರಾಡ್, ಮೊದಲ ವಾರದ ಹೋಟೆಲ್ ಊಟ, ಎಲ್ಲ ಸೇರಿ ಇನ್ನೊಂದು ಹದಿನೈದು ಸಾವಿರ. ಕಳೆದುಹೋದ ದುಡ್ಡು ಅಂತ ನೋಡಿದರೆ ಒಂದು ಲಕ್ಷದ ಮೇಲೆ ಸ್ವಲ್ಪ. ಕೈಯಲ್ಲಿ ಬೇಕಾಗಿದ್ದು ಮಾತ್ರ 1,82,000 ದಾಟಿತು. ಮಗನ ಕಂಪನಿ ಸಾಗಣೆ ಖರ್ಚು ಕೊಡುತ್ತದೆ, ಆದರೆ ಬಿಲ್ ಕೊಟ್ಟ ಮೇಲೆ, ಸಂಬಳದ ಜೊತೆಗೆ, ಅವರ ಪುರುಸೊತ್ತಿನಲ್ಲಿ. ‘ಬಿಲ್ ಬೇಡ ಅಂದರೆ ಐದು ಸಾವಿರ ಕಡಿಮೆ ಮಾಡ್ಕೊಡ್ತೀವಿ’ ಅಂತ ಸಾಗಣೆಯವರೊಬ್ಬರು ಹೇಳಿದರು. ಐದು ಸಾವಿರ ಉಳಿಸಲು ಹೋಗಿ ನಲವತ್ತೆಂಟು ಸಾವಿರ ಬಿಡುವುದೇ?

ಈಗ ದರದ ವಿಷಯ. ಫೋನ್ ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು ‘ಎಷ್ಟು ಬಿಎಚ್‌ಕೆ ಮೇಡಂ?’ ಅಂತ ಮಾತ್ರ. ಎರಡು ಅಂದ ಕೂಡಲೇ 24,000 ಅಂದುಬಿಟ್ಟರು ಒಬ್ಬರು. ಹಾಸನದಿಂದ ಪುಣೆಗೆ ಮುಕ್ಕಾಲು ಸಾವಿರ ಕಿಲೋಮೀಟರಿನ ಆಸುಪಾಸು. ಅರಸೀಕೆರೆ ಮೇಲೆ ಚಿತ್ರದುರ್ಗ ಸೇರಿ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರ ದಾಟಬೇಕು. ಡೀಸೆಲ್, ಟೋಲ್, ಡ್ರೈವರ್ ಭತ್ಯೆ, ಹಮಾಲಿ ಎಲ್ಲ ಕೂಡಿಸಿದರೆ ಆ ದರದಲ್ಲಿ ಲಾರಿಯವರಿಗೆ ಏನು ಉಳಿಯುತ್ತದೆ? ಉಳಿಯದ ದರವನ್ನು ಯಾರಾದರೂ ಹೇಳಿದರೆ, ಮಿಕ್ಕಿದ್ದನ್ನು ದಾರಿಯಲ್ಲಿ ವಸೂಲಿ ಮಾಡುವ ಯೋಚನೆ ಇದೆ ಅಂತಲೇ ಅರ್ಥ.

ಮನೆಗೇ ಬಂದು ನೋಡಿ ದರ ಹೇಳಿ ಅಂದಾಗ ಬಂದವನು ಒಬ್ಬನೇ. ಚಿಕ್ಕ ಹುಡುಗ, ಹೆಗಲಿಗೆ ಬ್ಯಾಗು, ಕೈಯಲ್ಲಿ ಟೇಪು. ಹಾಲಿನ ಸೋಫಾ, ಟಿವಿ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಅಡುಗೆಮನೆಗೆ ಬಂದು ‘ಅಮ್ಮಾ, ಒಂದು ಸ್ಟೂಲ್ ಕೊಡಿ’ ಅಂದ. ಹತ್ತಿ ಅಟ್ಟದ ಬಾಗಿಲು ತೆಗೆದ. ದಸರಾ ಗೊಂಬೆಗಳ ಪೆಟ್ಟಿಗೆ, ಹಿತ್ತಾಳೆ ಹಂಡೆ, ಮೊಮ್ಮಗಳ ತೊಟ್ಟಿಲು, ಮಿಕ್ಸಿ ಕುಕ್ಕರ್ ಬಂದಿದ್ದ ಖಾಲಿ ಡಬ್ಬಗಳು, ಚಕ್ಕುಲಿ ಒರಳು, ಯಾವುದೋ ಕಾಲದ ಹೊಲಿಗೆ ಯಂತ್ರದ ಸ್ಟ್ಯಾಂಡು. ಒಂದೊಂದನ್ನೂ ಬರೆದುಕೊಂಡ. ಮಂಚದ ಕೆಳಗೆ ಟಾರ್ಚ್ ಬಿಟ್ಟು ನೋಡಿದ. ಬಾಲ್ಕನಿಯ ಹೂಕುಂಡ ಎಣಿಸಿ, ‘ಇದು ನಾವು ಒಯ್ಯಲ್ಲ’ ಅಂದ. ‘ಸೋಫಾ ಎಲ್ಲರ ಮನೇಲೂ ಅಷ್ಟೇ ಅಮ್ಮ. ಲಾರಿ ತುಂಬೋದು ಅಟ್ಟದಿಂದ’ ಅಂತ ನಕ್ಕ. ಅವನು ಹೇಳಿದ ದರ 49,000. ನಾವು ಕೆಲಸ ಕೊಟ್ಟಿದ್ದು ಅವನಿಗೇ.

49 ಹೇಗೆ 41 ಆಯಿತು ಅಂದರೆ, ಚೌಕಾಸಿಯಿಂದ ಅಲ್ಲ. ಸಾಮಾನು ಕಡಿಮೆ ಮಾಡಿದ್ದರಿಂದ. ದೂರದ ಸಾಗಣೆಯಲ್ಲಿ ಮನೆ ಸಾಮಾನಿಗೆ ಕಾಸು ಕೊಡುವುದು ತೂಕಕ್ಕಿಂತ ಹೆಚ್ಚಾಗಿ ಜಾಗಕ್ಕೆ. ಪ್ಲೈವುಡ್ ಮಂಚ ಬಿಚ್ಚಿ ಕಟ್ಟಿದರೆ ಮತ್ತೆ ಮೊಳೆ ಹಿಡಿಯುವುದಿಲ್ಲ, ಆದರೆ ಲಾರಿಯಲ್ಲಿ ಗೋಡೆಯಷ್ಟು ಜಾಗ ತಿನ್ನುತ್ತದೆ. ಅದನ್ನೂ, ಹಳೇ ಸೋಫಾವನ್ನೂ, ಖಾಲಿ ಡಬ್ಬಗಳನ್ನೂ ಇಲ್ಲೇ ವಿಲೇವಾರಿ ಮಾಡಿದೆವು. ತೊಟ್ಟಿಲು, ಹಂಡೆ, ಗೊಂಬೆ ಪೆಟ್ಟಿಗೆ ನಮ್ಮ ಮನೆ ಸೇರಿದವು. ಕಬ್ಬಿಣದ ಬೀರು, ಗ್ರೈಂಡರ್, ಫ್ರಿಜ್, ವಾಷಿಂಗ್ ಮಷೀನ್ ಹೋಗಲೇಬೇಕು. ಫ್ರಂಟ್ ಲೋಡ್ ಮಷೀನ್ ಇದ್ದವರು ಗಮನಿಸಿ: ಕೊಂಡಾಗ ಹಿಂಭಾಗದಲ್ಲಿ ಡ್ರಮ್ ಅಲ್ಲಾಡದಂತೆ ಉದ್ದ ಬೋಲ್ಟ್ ಹಾಕಿರುತ್ತಾರೆ. ಅದನ್ನು ಬಿಚ್ಚಿ ಎಸೆದಿದ್ದರೆ ಹೊರಡುವ ಮೊದಲು ಮೆಕ್ಯಾನಿಕ್ ಹತ್ತಿರ ಬೇರೆ ಕೇಳಿ ಹಾಕಿಸಿ. ಇಲ್ಲದಿದ್ದರೆ ಪುಣೆ ಮುಟ್ಟುವಷ್ಟರಲ್ಲಿ ಡ್ರಮ್ ಹಾಳಾಗುತ್ತದೆ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒಣಗಿಸಿ, ನಿಲ್ಲಿಸಿಯೇ ಒಯ್ಯಬೇಕು. ಇನ್ವರ್ಟರ್ ಬ್ಯಾಟರಿ ಇದೆ ಅಂತ ಮೊದಲೇ ಹೇಳಿ, ಅಡ್ಡ ಮಲಗಿಸಿದರೆ ಆಸಿಡ್ ಸೋರಿ ಬಟ್ಟೆ ಗಂಟೆಲ್ಲ ಹೋಗುತ್ತದೆ. ಸ್ಟೀಲ್ ಡಬ್ಬಗಳ ಮಧ್ಯೆ ನನ್ನ ಹಳೇ ಕಾಟನ್ ಸೀರೆ ತುರುಕಿದೆ. ಅವರ ಬಬಲ್ ಪ್ಲಾಸ್ಟಿಕ್‌ಗಿಂತ ಅದೇ ಚೆನ್ನ.

ಲಾರಿ ಮಾತ್ರ ಗೊತ್ತು ಮಾಡಿ ನಾವೇ ತುಂಬಿಸಿದರೆ ಅಗ್ಗ, ನಿಜ. ಈರುಳ್ಳಿ ತಂದ ಮಹಾರಾಷ್ಟ್ರದ ಲಾರಿ ಖಾಲಿ ವಾಪಸ್ ಹೋಗುವಾಗ ಸಿಕ್ಕರೆ ಇನ್ನೂ ಅಗ್ಗ. ಆದರೆ ಅದು ಹೊರಡುವ ದಿನ ನಮ್ಮ ಕೈಯಲ್ಲಿಲ್ಲ. ಪಾರ್ಟ್ ಲೋಡ್ ಅಂತ ಬೇರೆಯವರ ಸಾಮಾನಿನ ಜೊತೆ ಕಳಿಸಿದರೆ ಮಧ್ಯೆ ಗೋಡೌನಿನಲ್ಲಿ ಇಳಿಸಿ ಹತ್ತಿಸುತ್ತಾರೆ. ಇಳಿಸಿದಷ್ಟೂ ಪೆಟ್ಟು ಜಾಸ್ತಿ. ಬ್ರಹ್ಮಚಾರಿಗಳಿಗೆ ಸರಿ, ಸಂಸಾರಸ್ಥರಿಗೆ ಬೇಡ. ಇನ್ನು ದೊಡ್ಡ ಕಂಟೇನರ್ ಕಳಿಸುವವರು ‘ಗಾಡಿ ಬಾಗಿಲಿಗೆ ಬರಲ್ಲ, ಸಣ್ಣ ಟೆಂಪೊಗೆ ಬೇರೆ ಕೊಡಿ’ ಅನ್ನುತ್ತಾರೆ. ನಗರದೊಳಗೆ ಹಗಲು ಭಾರಿ ವಾಹನ ಬಿಡದ ಕಡೆ ಇದು ಸುಳ್ಳೇನಲ್ಲ. ಆದರೆ ಆ ಟೆಂಪೊ ದುಡ್ಡು ಮೊದಲೇ ಕಾಗದದಲ್ಲಿ ಇರಬೇಕು.

ಯಾವಾಗ ಹೋಗಬೇಕು ಅನ್ನುವುದೂ ದುಡ್ಡಿನ ವಿಷಯವೇ. ನಮ್ಮ ಕಡೆ ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಹಾಗಾಗಿ ಲಾರಿಯವರು ಆಗ ದರದಲ್ಲಿ ಮೆತ್ತಗಾಗುತ್ತಾರೆ. ಶ್ರಾವಣ ಬಂತೋ ಮಾತೇ ಬೇರೆ. ನಾವು ಜ್ಯೇಷ್ಠ ಮುಗಿಯುವ ಮೊದಲೇ ಪುಣೆಯಲ್ಲಿ ಹಾಲು ಉಕ್ಕಿಸಿ ಬಂದೆವು. ಸಾಮಾನು ಹೋಗಿದ್ದು ಆಷಾಢದಲ್ಲಿ. ಶಾಸ್ತ್ರಕ್ಕೂ ಸರಿ, ಪುಸ್ತಕಕ್ಕೂ ಸರಿ. ಇದಕ್ಕೆ ಎರಡು ಕಡೆ ಬಾಡಿಗೆ ಸ್ವಲ್ಪ ದಿನ ಹೊತ್ತೆವು, ಅದನ್ನೂ ಕಳೆದು ನೋಡಿದರೂ ಲಾಭವೇ. ಆದರೆ ಮಳೆ ಇದೆಯಲ್ಲ? 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಪಂಚಗಂಗೆ ಉಕ್ಕಿ ಕೊಲ್ಲಾಪುರದ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಗಿತ್ತು. ಮಂಗಳೂರು ಕಡೆ ಹೋಗುವವರಿಗೆ ಶಿರಾಡಿ, ಚಾರ್ಮಾಡಿ ಘಾಟಿಗಳ ಕಥೆ ಹೇಳುವುದೇ ಬೇಡ. ಲಾರಿ ಅರ್ಧ ದಾರಿಯಲ್ಲಿ ನಿಂತರೆ ದಿನದ ಕಾಯುವಿಕೆ ಶುಲ್ಕ ಯಾರದು ಅಂತ ಬರೆಸಿಕೊಳ್ಳಿ. ತಾಡಪಾಲು ಎರಡು ಪದರ ಇರಲಿ ಅಂತಲೂ ಹೇಳಿ. ಹಾಗೆಯೇ, ಹಾಸನಾಂಬೆ ದರ್ಶನದ ದಿನಗಳಲ್ಲಿ ಊರೊಳಗೆ ಲಾರಿ ತುಂಬಿಸುವ ಸಾಹಸ ಬೇಡ. ದೇವಿಯ ದರ್ಶನ ಬೇಕಾದರೆ ಸಿಕ್ಕೀತು, ಎನ್.ಆರ್. ಸರ್ಕಲ್ ದಾಟುವುದು ಕಷ್ಟ.

ಕಾಗದಪತ್ರಗಳಲ್ಲಿ ಗ್ಯಾಸ್ ಒಂದನ್ನು ಮರೆಯಬೇಡಿ. ಬೇರೆ ಊರಿಗೆ ಸಿಲಿಂಡರ್ ಹೊತ್ತೊಯ್ಯುವ ಹಾಗಿಲ್ಲ. ಇಲ್ಲಿನ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಟರ್ಮಿನೇಷನ್ ವೋಚರ್ ತೆಗೆದುಕೊಳ್ಳಬೇಕು. ಡಿಪಾಸಿಟ್ ವಾಪಸ್ ಕೊಡುವುದು ನೀವು ಅಂದು ಕಟ್ಟಿದ್ದಷ್ಟೇ. ಹೊಸ ಊರಿನಲ್ಲಿ ಕಟ್ಟುವುದು ಇಂದಿನ ದರ. 2022ರ ಜೂನ್‌ನಲ್ಲಿ 14.2 ಕೆ.ಜಿ. ಸಿಲಿಂಡರ್ ಡಿಪಾಸಿಟ್ 1,450ರಿಂದ 2,200ಕ್ಕೆ ಏರಿತು, ರೆಗ್ಯುಲೇಟರ್ 150ರಿಂದ 250ಕ್ಕೆ. ಎರಡು ಸಿಲಿಂಡರ್ ಇದ್ದವರು ಲೆಕ್ಕ ಹಾಕಿಕೊಳ್ಳಿ. ಮೊಮ್ಮಗಳ ಟಿಸಿಗೆ ಬೇರೆ ರಾಜ್ಯವಾದ್ದರಿಂದ ಬಿಇಒ ಮೇಲು ಸಹಿ ಬೇಕಾಯಿತು, ಶಾಲೆಯವರು ತಾವಾಗಿ ಹೇಳಲಿಲ್ಲ. ಗೃಹಜ್ಯೋತಿಯಿಂದ ಹಳೇ ಮನೆಯ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನ ಸಂಪರ್ಕ ಸಂಖ್ಯೆ) ಡಿ-ಲಿಂಕ್ ಮಾಡಿಸಿ, ಅಂದರೆ ನಿಮ್ಮ ಹೆಸರಿನಿಂದ ಬಿಡಿಸಿ ಹೊರಡಿ. ಇಲ್ಲದಿದ್ದರೆ ಮುಂದೆ ಬರುವವರು ಒದ್ದಾಡುತ್ತಾರೆ, ನಿಮ್ಮ ಅಡ್ವಾನ್ಸ್ ಕೂಡ ಆ ನೆಪದಲ್ಲಿ ತಡವಾಗುತ್ತದೆ. ಕೆಎ-13 ಸ್ಕೂಟರನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಅಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಬೇಕು, ಅದಕ್ಕೆ ಇಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ತೆರಿಗೆ ಬೇರೆ ಕಟ್ಟಬೇಕು. ಮಗನ ಸ್ಕೂಟರ್ ಹಳೆಯದು. ಇಲ್ಲೇ ಮಾರಿಸಿದೆ. ರೈಲಿನಲ್ಲಿ ಕಳಿಸುವವರು ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಪ್ರತಿ ಹಿಡಿದು ಪಾರ್ಸೆಲ್ ಆಫೀಸಿಗೆ ಹೋಗಿ.

ಇನ್ನು ಮೋಸದ ವಿಷಯ. ನಮ್ಮ ಹಿಂದಿನ ಬೀದಿಯವರೊಬ್ಬರು ಹೈದರಾಬಾದಿಗೆ ಹೋದರು. ಫೋನಿನಲ್ಲೇ ದರ, ವಾಟ್ಸ್ಆ್ಯಪಿನಲ್ಲೇ ಅಡ್ವಾನ್ಸ್. ಸಾಮಾನು ತುಂಬಿದ ಲಾರಿ ಹೈದರಾಬಾದಿನ ಹೊರಗೆ ನಿಂತಿತು. ‘ಸಾಮಾನು ಜಾಸ್ತಿ ಇದೆ, ಇನ್ನು 18,000 ಹಾಕಿದರೆ ಇಳಿಸ್ತೀವಿ.’ ಹಸುಗೂಸಿನ ಹಾಸಿಗೆ ಬಟ್ಟೆಯೆಲ್ಲ ಲಾರಿಯೊಳಗೆ. ಹಾಕದೆ ಏನು ಮಾಡುತ್ತಾರೆ? ಆಮೇಲೆ ನೋಡಿದರೆ ಕೈಯಲ್ಲಿದ್ದ ರಸೀದಿಯಲ್ಲಿ ವಿಳಾಸವೇ ಇಲ್ಲ. ‘ಇನ್ಶೂರೆನ್ಸ್’ ಅಂತ ಮೂರು ಪರ್ಸೆಂಟ್ ತೆಗೆದುಕೊಂಡಿದ್ದರು, ಅದಕ್ಕೆ ಪಾಲಿಸಿ ನಂಬರ್ ಇಲ್ಲ. ಯಾವ ವಿಮಾ ಕಂಪನಿಗೂ ಆ ದುಡ್ಡು ಹೋಗಿಲ್ಲ ಅಂತ ಕಾಣುತ್ತದೆ.

ಕಾನೂನು ಇಲ್ಲ ಅಂತಲ್ಲ. ಕ್ಯಾರೇಜ್ ಬೈ ರೋಡ್ ಆಕ್ಟ್, 2007 ಅಂತಿದೆ. ಬೇರೆಯವರ ಸರಕು ಸಾಗಿಸುವ ವ್ಯವಹಾರ ಮಾಡುವವರು ಅದರಡಿ ಸಾರಿಗೆ ಇಲಾಖೆಯಲ್ಲಿ ನೋಂದಣಿ ಮಾಡಿಸಿರಬೇಕು. ಸಾಮಾನಿನ ವಿವರ, ಬೆಲೆ ನಾವು ಬರೆದುಕೊಡಬೇಕು, ಅವರು ರಸೀದಿ ಕೊಡಬೇಕು. ಒಡೆದರೆ, ಕಳೆದರೆ ಅವರ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ, ಅದೂ ನಾವು ಬರೆದ ಬೆಲೆಯನ್ನು ದಾಟುವಂತಿಲ್ಲ. ಅದಕ್ಕೇ ನಾನು ಪಟ್ಟಿಯಲ್ಲಿ ಪ್ರತಿ ಸಾಮಾನಿನ ಮುಂದೆ ಬೆಲೆ ಬರೆಸಿ, ಎರಡೂ ಕಡೆ ಸಹಿ ಹಾಕಿಸಿದೆ. ‘ಬಳಸಿದ ಮನೆ ಸಾಮಾನು, ಮಾರಾಟಕ್ಕಲ್ಲ’ ಅಂತ ಮೇಲೆ ಬರೆದೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆ) ಬೇಕಿಲ್ಲ, ಅದರ ಹೆಸರಿನಲ್ಲಿ ದಾರಿ ಖರ್ಚು ಕೇಳಿದರೆ ಕೊಡಬೇಡಿ. ನಷ್ಟವಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಗ್ರಾಹಕರ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದೂರನ್ನು ನಾವು ವಾಸ ಇರುವ ಊರಿನ ಜಿಲ್ಲಾ ಆಯೋಗದಲ್ಲೇ ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅಂದರೆ ಹೈದರಾಬಾದಿಗೆ ಹೋದವರು ದೂರು ಕೊಡಲು ಹಾಸನಕ್ಕೆ ಓಡಿ ಬರಬೇಕಿಲ್ಲ. ನಮ್ಮ ಹಿಂದಿನ ಬೀದಿಯವರಿಗೆ ಇದನ್ನು ಹೇಳುವವರೇ ಇರಲಿಲ್ಲ.

ಅದಕ್ಕೇ ನನ್ನ ಕೋರಿಕೆ. ಹಾಸನದ ಆರ್‌ಟಿಒ ಕಚೇರಿ, ಈ ಕಾಯ್ದೆಯಡಿ ನೋಂದಣಿ ಆದ ಸಾಗಣೆದಾರರ ಹೆಸರು ಮತ್ತು ನೋಂದಣಿ ಸಂಖ್ಯೆಯ ಪಟ್ಟಿಯನ್ನು ಕನ್ನಡದಲ್ಲಿ ನೋಟಿಸ್ ಬೋರ್ಡಿಗೆ ಹಾಕಲಿ. ಪಟ್ಟಿ ಅವರ ಬಳಿ ಇರಲೇಬೇಕಾದದ್ದು, ಹೊಸ ಕೆಲಸವೇನೂ ಅಲ್ಲ. ಅಂಗಡಿ ಮುಂದೆ, ಬಿಲ್ಲಿನ ಮೇಲೆ ಆ ಸಂಖ್ಯೆ ಇಲ್ಲದವರನ್ನು ಒಂದು ಸಲ ಕರೆದು ಕೇಳಲಿ. ಜಿಲ್ಲಾಡಳಿತ ಲಾರಿ ಮಾಲೀಕರನ್ನೂ ಹಮಾಲರನ್ನೂ ಕೂರಿಸಿ ಮಾತಾಡಿ, ಮನೆ ಸಾಮಾನು ಏರಿಸಿ ಇಳಿಸುವ ಕೂಲಿಯನ್ನು ಮಹಡಿ ಲೆಕ್ಕದಲ್ಲಿ ಲಾರಿ ಸ್ಟ್ಯಾಂಡಿನಲ್ಲಿ ಬರೆಸಲಿ. ಇದರಲ್ಲಿ ಹಮಾಲರಿಗೂ ನ್ಯಾಯ ಇದೆ. ಬೀರು ಬೆನ್ನ ಮೇಲೆ ಹೊತ್ತು ಮೂರನೇ ಮಹಡಿ ಹತ್ತುವವನ ಕೈಗೆ ಪ್ಯಾಕರ್ಸ್‌ನವರು ಎಷ್ಟು ಕೊಡುತ್ತಾರೆ ಅಂತ ನಾನು ಕೇಳಿದೆ, ಆ ಮಾತು ಇನ್ನೊಂದು ಪತ್ರಕ್ಕೆ ಇರಲಿ. ದರಪಟ್ಟಿಗೆ ಒಂದು ಪುಟದ ಕನ್ನಡ ನಮೂನೆಯನ್ನೂ ಮಾಡಿಕೊಟ್ಟರೆ ಒಳ್ಳೆಯದು. ಸಾಮಾನಿನ ಪಟ್ಟಿ, ಜಿಎಸ್‌ಟಿ, ಮಹಡಿ ಕೂಲಿ, ಸಣ್ಣ ಟೆಂಪೊ, ಕಾಯುವ ಶುಲ್ಕ, ತಲುಪುವ ದಿನ, ಪಾಲಿಸಿ ನಂಬರ್, ಇಷ್ಟಕ್ಕೆ ಖಾಲಿ ಜಾಗ ಇದ್ದರೆ ಸಾಕು. ತುಂಬಲು ಒಪ್ಪದವರಿಗೆ ಕೆಲಸ ಕೊಡುವುದು ಬೇಡ ಅಂತ ಜನರೇ ತೀರ್ಮಾನಿಸುತ್ತಾರೆ.

ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟ ಕೂಡಲೇ ಲಾರಿಗಳು ಬಂದು ನಿಲ್ಲುತ್ತವೆ. ಬೋರ್ಡು, ನಮೂನೆ ಎರಡೂ ಮಾರ್ಚ್ ಒಳಗೆ ಆದರೆ ಮುಂದಿನ ವರ್ಷ ಹೊರಡುವವರಿಗೆ ಉಪಯೋಗಕ್ಕೆ ಬರುತ್ತವೆ.

ಇಂತಿ,
ಒಬ್ಬ ಗೃಹಿಣಿ
ವಿದ್ಯಾನಗರ, ಹಾಸನ